ಸೆಳೆತಕ್ಕೆ ಎದುರಾಗಿ ಹೋದ ದಾರ

ದೆವ್ವ ಕಂಡೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಅವರ ಕಥೆಗಳೆಲ್ಲ ಒಂದೇ ಅಚ್ಚಿನವು. ಕರೆಂಟು ಹೋಗಿರುತ್ತದೆ, ನಾಯಿ ಊಳಿಡುತ್ತದೆ, ಹಿಂದೆ ಯಾರೋ ನಡೆದು ಬರುವ ಸಪ್ಪಳ. ತಿರುಗಿ ನೋಡಿದೆಯೇನಯ್ಯಾ ಎಂದು ಕೇಳಿದರೆ, ಇಲ್ಲ, ಓಡಿ ಬಂದುಬಿಟ್ಟೆ ಎನ್ನುತ್ತಾರೆ. ನೋಡದೇ ಇದ್ದದ್ದಕ್ಕೆ ಸಾಕ್ಷಿ ಹೇಳುವ ಈ ಜನರ ಮಾತಿಗೆ ನಾನು ಕವಡೆ ಕಿಮ್ಮತ್ತು ಕೊಟ್ಟವನಲ್ಲ. ಒಮಾನಿಗೆ ಬಂದ ಮೇಲೂ ಈ ಕಾಟ ತಪ್ಪಲಿಲ್ಲ. ನಿಜ್ವಾ ಊರಿನ ಶಾಖೆಯಲ್ಲಿದ್ದ ನಮ್ಮ ಕಂಪನಿಯ ಅಕೌಂಟೆಂಟ್ ಒಬ್ಬ, ಸಂಜೆ ಖರ್ಜೂರದ ತೋಟದ ಪಕ್ಕ ಕಾರಿನಲ್ಲಿ ಬರುವಾಗ ಒಬ್ಬಳು ಹೆಂಗಸು ಕಾರಿನ ಜೊತೆಜೊತೆಗೇ ನಡೆದು ಬಂದಳು ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ. ಕಾರು ಎಷ್ಟು ಸ್ಪೀಡಿನಲ್ಲಿತ್ತು ಎಂದೆ. ಎಂಬತ್ತು ಎಂದ. ಹಾಗಿದ್ದರೆ ಅವಳನ್ನು ಓಟದ ಪಂದ್ಯಕ್ಕೆ ಸೇರಿಸಯ್ಯಾ, ದೇಶಕ್ಕೆ ಹೆಸರು ಬರಲಿ ಎಂದೆ. ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ನನಗೇನೂ ನಷ್ಟವಾಗಲಿಲ್ಲ.

ನನ್ನ ಕೆಲಸವೇ ಅಂಥದ್ದು. ಕಾರ್ಖಾನೆಗಳಲ್ಲಿರುವ ಒತ್ತಡದ ಗೇಜು, ಥರ್ಮಾಮೀಟರು, ತೂಕದ ಯಂತ್ರ, ಇವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದು. ನಿಜ ಹೇಳಿದರೆ ಹಸಿರು ಸ್ಟಿಕ್ಕರು, ಸುಳ್ಳು ಹೇಳಿದರೆ ಕೆಂಪು ಸ್ಟಿಕ್ಕರು. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಮೀರಿ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಜನರಿಗೂ ಇಂಥ ಸ್ಟಿಕ್ಕರು ಹಚ್ಚುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನೇಕ ಸಲ ಅನ್ನಿಸಿದೆ.

ಆದ್ದರಿಂದ ಈಗ ಬರೆಯಹೊರಟಿರುವುದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಕೆಲವು ವರ್ಷಗಳ ಹಿಂದೆ, ಒಂದು ಶುಕ್ರವಾರ, ಚೆನ್ನಾಗಿ ಬಿಸಿಲು ಬಿದ್ದಿದ್ದ ಬೆಳಿಗ್ಗೆ, ವಿನ್ಸೆಂಟ್ ಎನ್ನುವ ನನ್ನ ಸಹೋದ್ಯೋಗಿಯ ಪ್ರಾಣ ಹೋಗುವುದರಲ್ಲಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎನ್ನುವುದು ನನಗೆ ಗೊತ್ತಿಲ್ಲ. ‘ಗೊತ್ತಿಲ್ಲ’ ಎನ್ನುವುದು ನನ್ನ ಬಾಯಿಂದ ಸುಲಭವಾಗಿ ಬರುವ ಮಾತಲ್ಲ, ಓದುವವರು ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲು ಮೀನಿನ ವಿಷಯ ಹೇಳಿಬಿಡುತ್ತೇನೆ. ನಾವು ಮೈಸೂರಿನವರು, ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಹೀಗಿದ್ದೂ ನಾನು ಮೀನು ಹಿಡಿಯುತ್ತೇನೆ. ಸಕ್ಕರೆ ಕಾಯಿಲೆ ಶುರುವಾಗಿದೆ, ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಖುರುಮ್ ಕಡಲತೀರದಲ್ಲಿ ನಡೆಯತೊಡಗಿದೆ. ಅಲ್ಲಿ ಒಬ್ಬ ಉದ್ದನೆಯ ರಾಡ್ ಹಿಡಿದು, ತುದಿಗೆ ಬಣ್ಣದ ಆಟಿಕೆ ಮೀನು ಕಟ್ಟಿ ನೀರಿಗೆಸೆದು ಎಳೆಯುತ್ತಿದ್ದ. ಹುಳುವಿಲ್ಲ, ಮಾಂಸವಿಲ್ಲ, ನಾತವಿಲ್ಲ. ಆ ಆಟಿಕೆಗೆ ಲ್ಯೂರ್ ಎನ್ನುತ್ತಾರೆ. ಬರೀ ಕೈಚಳಕದಿಂದ ಮೀನಿಗೆ ಟೋಪಿ ಹಾಕುವ ವಿದ್ಯೆ. ನನಗೆ ಅದು ಬಹಳ ಹಿಡಿಸಿತು. ಹಿಡಿದ ಮೀನನ್ನು ಹೆಚ್ಚಾಗಿ ನೀರಿಗೇ ಬಿಟ್ಟುಬಿಡುತ್ತಿದ್ದೆ. ಯಾರಾದರೂ ತಿನ್ನುವವರಿದ್ದರೆ ಕೊಟ್ಟುಬಿಡುತ್ತಿದ್ದೆ. ನನ್ನ ಹೆಂಡತಿ ಮಾತ್ರ, “ತಿನ್ನೋರು ಹಿಡಿದ್ರೆ ಹೊಟ್ಟೆಪಾಡು, ನೀವು ಹಿಡಿಯೋದು ಯಾವ ಪಾಡು?” ಎಂದು ಕೇಳುತ್ತಿದ್ದಳು. ಅವಳಿಗೆ ವಿಜ್ಞಾನ ಅರ್ಥವಾಗುವುದಿಲ್ಲ ಎಂದುಕೊಂಡು ರಾಡ್ ಒರೆಸತೊಡಗುತ್ತಿದ್ದೆ.

ಇಲ್ಲಿ ನಮ್ಮ ಕನ್ನಡದವರದೇ ಒಂದು ಮೀನು ಹಿಡಿಯುವ ವಾಟ್ಸಾಪ್ ಗುಂಪಿದೆ. ಅದರಲ್ಲಿರುವವರೆಲ್ಲ ಪಂಡಿತರೇ. ಎರಡೂ ಕೈ ಮುಂದೆ ಚಾಚಿ ಮೀನನ್ನು ಕ್ಯಾಮೆರಾದ ಮೂಗಿಗೆ ಹಿಡಿದು, ಗೇಣುದ್ದದ್ದನ್ನು ಮೊಸಳೆಯಷ್ಟು ಮಾಡಿ ತೋರಿಸುವುದರಲ್ಲಿ ಒಬ್ಬೊಬ್ಬರೂ ನಿಸ್ಸೀಮರು. ಯಾವ ಲ್ಯೂರಿಗೆ ಬಿತ್ತು, ಉಬ್ಬರವೋ ಇಳಿತವೋ, ಎಷ್ಟು ಆಳದಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಒಂದು ಕೈಮುಗಿಯುವ ಚಿತ್ರ ಬರುತ್ತದೆ, ‘ಎಲ್ಲಾ ದೇವರ ದಯೆ’ ಎಂದು ಬರುತ್ತದೆ. ಇಲ್ಲವೇ ‘ವಿನ್ಸೆಂಟ್ ಕೈಗುಣ’ ಎಂದು ಬರುತ್ತದೆ.

ನಾನು ಹಾಗಲ್ಲ. ಪ್ರತಿ ಎಸೆತವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಇಲ್ಲಿನ ಕಲ್ಲುದಂಡೆಗಳಲ್ಲಿ ಹಮೂರ್ ಎನ್ನುವ ಮೀನು ಸಿಗುತ್ತದೆ, ನಮ್ಮ ಕರಾವಳಿಯವರು ಮುರು ಎನ್ನುತ್ತಾರೆ. ಅದು ಅಲೆದಾಡಿ ಬೇಟೆಯಾಡುವ ಜಾತಿಯಲ್ಲ. ಬಂಡೆಯ ಸಂದಿಯಲ್ಲಿ ಬಾಯಿ ತೆರೆದು ಕೂತಿರುತ್ತದೆ, ಎದುರಿಗೆ ಹಾದುಹೋದದ್ದನ್ನು ಗಬಕ್ಕನೆ ನುಂಗಿ ಮತ್ತೆ ಒಳಗೆ ಸರಿಯುತ್ತದೆ. ಬೆಳಕು ಹರಿಯುವ ಮೊದಲು ಪಾಪರ್ ಎನ್ನುವ ಲ್ಯೂರ್ ಕಟ್ಟಬೇಕು, ಅದು ನೀರಿನ ಮೇಲೆ ಗುಳುಕ್ ಗುಳುಕ್ ಎಂದು ಸದ್ದು ಮಾಡಿಕೊಂಡು ಬರುತ್ತದೆ. ಬೆಳಕಾದ ಮೇಲೆ ಆಳಕ್ಕಿಳಿದು ಈಜುವ ಲ್ಯೂರ್. ಅದನ್ನು ಒಂದೇ ಸಮ ಎಳೆದರೆ ಪ್ರಯೋಜನವಿಲ್ಲ. ಎರಡು ಸಲ ಜಗ್ಗಿ ನಿಲ್ಲಿಸಬೇಕು, ಪೆಟ್ಟು ತಿಂದ ಮೀನಿನ ಹಾಗೆ ಅದು ತತ್ತರಿಸಬೇಕು. ನಿಲ್ಲಿಸಿದಾಗಲೇ ಹಮೂರ್ ಬಾಯಿ ಹಾಕುವುದು. ಏನೂ ಆಗದಿದ್ದರೆ ರಬ್ಬರ್ ಮೀನನ್ನು ತಳಕ್ಕೆ ಬಿಟ್ಟು ಕಪ್ಪೆಯಂತೆ ಕುಪ್ಪಳಿಸಬೇಕು. ನನ್ನ ಹತ್ತಿರ ಬೆರಳುದ್ದದ, ನೀಲಿ ಬೆನ್ನಿನ ಬೆಳ್ಳಿ ಬಣ್ಣದ ಒಂದು ಲ್ಯೂರ್ ಇತ್ತು. ನನ್ನ ಅತಿ ದೊಡ್ಡ ಹಮೂರ್ ಅದಕ್ಕೇ ಬಿದ್ದದ್ದು. ಆ ಮಾದರಿ ಆಮೇಲೆ ಅಂಗಡಿಗೆ ಬರಲೇ ಇಲ್ಲ. ಅದನ್ನು ಬೇರೆಯವುಗಳ ಜೊತೆ ಇಡದೆ, ಪೆಟ್ಟಿಗೆಯಲ್ಲಿ ಅದಕ್ಕೇ ಒಂದು ಖಾನೆ ಮಾಡಿ ಹತ್ತಿ ಹಾಸಿ ಇಟ್ಟಿದ್ದೆ.

ಇನ್ನು ವಿನ್ಸೆಂಟ್. ನಮ್ಮ ಕಂಪನಿಯ ಸ್ಟೋರ್‌ಕೀಪರ್, ಉದ್ಯಾವರ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಕುಳ್ಳು ಆಳು, ಹೊಟ್ಟೆ ಸ್ವಲ್ಪ ಮುಂದೆ, ಮಾತು ಶುರುವಾದರೆ ನಿಲ್ಲದು. ಅವರ ಹೆಂಡತಿ ಜೆಸಿಂತಾ ನರ್ಸ್. ಶುಕ್ರವಾರ ಅವರಿಗೆ ಡ್ಯೂಟಿ ಇರುತ್ತಿದ್ದುದರಿಂದ ಕಾರು ಅವರ ಜೊತೆ ಹೋಗುತ್ತಿತ್ತು. ಹಾಗಾಗಿ ವಿನ್ಸೆಂಟ್ ನನ್ನ ಕಾರಿನಲ್ಲಿ ಬರುತ್ತಿದ್ದರು. ಖಾಲಿ ನೀರಿನ ಬಾಟಲಿಗೆ ಸುತ್ತಿದ ದಾರ, ಅದಕ್ಕೊಂದು ಗಾಳ, ಗಾಳಕ್ಕೆ ಬೂತಾಯಿ ಮೀನಿನ ತುಂಡು, ಇಷ್ಟೇ ಅವರ ಸರಂಜಾಮು. ನೀರಿಗೆಸೆಯುವ ಮೊದಲು ಆ ತುಂಡಿನ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಎಳೆಯುತ್ತಿದ್ದರು. ಸತ್ತ ಮೀನಿಗೆ ಆಶೀರ್ವಾದ! ನನಗೆ ನಗು ಬರುತ್ತಿತ್ತು, ಎಷ್ಟೋ ಸಲ ಅವರೆದುರೇ ನಕ್ಕಿದ್ದೇನೆ. ಅವರಿಗೇನೂ ಅನ್ನಿಸುತ್ತಿರಲಿಲ್ಲ. ಅನ್ನಿಸುತ್ತಿರಲಿಲ್ಲ ಎಂದು ನಾನಂದುಕೊಂಡಿದ್ದೆ.

ಅವರ ದಾರಕ್ಕೆ ಮೀನು ಬೀಳುತ್ತಿತ್ತು ಎನ್ನುವುದು ನಿಜ. ನನಗಿಂತ ಹೆಚ್ಚೇ ಬೀಳುತ್ತಿತ್ತು. ಕೊಳೆತ ಬೂತಾಯಿ ತೋರಿಸಿದರೆ ಯಾವ ಮೀನಾದರೂ ಬರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ನಾನು ಗುಂಪಿನಲ್ಲಿ ಬರೆಯುತ್ತಿದ್ದೆ. ನನ್ನ ಪೆಟ್ಟಿಗೆಯನ್ನಂತೂ ಅವರಿಗೆ ಮುಟ್ಟಗೊಡುತ್ತಿರಲಿಲ್ಲ. ಲ್ಯೂರಿಗೆ ಮೀನಿನ ವಾಸನೆ ತಗುಲಿದರೆ ಮೀನು ಬಿದ್ದದ್ದು ನನ್ನ ಕೈಚಳಕಕ್ಕೋ ವಾಸನೆಗೋ ಎಂದು ತಿಳಿಯುವುದು ಹೇಗೆ? ಕಾರಿನಲ್ಲಿ ಕೂಡ ಅವರ ಚೀಲ ಡಿಕ್ಕಿಯಲ್ಲಿ, ನನ್ನ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ.

“ಎಂತ ಸರ್, ನಿಮ್ಮ ಡಬ್ಬಿಗೆ ಮಡಿ ಉಂಟಾ?” ಎಂದು ಒಮ್ಮೆ ನಗಾಡಿದರು.

ಮಡಿಯಲ್ಲ ರೀ, ಇದು ಪ್ರಯೋಗದ ಶಿಸ್ತು ಎಂದೆ. ನನ್ನ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಧ್ವನಿಯಲ್ಲೇ ಹೇಳಿದೆ ಎಂದು ಈಗ ತೋರುತ್ತದೆ. ಆಗ ತೋರಲಿಲ್ಲ.

ಆ ಶುಕ್ರವಾರ ನಾವು ಹೋದದ್ದು ಕುರಿಯಾತ್ ರಸ್ತೆಯಿಂದ ಎಡಕ್ಕೆ ಇಳಿಯುವ ಕಲ್ಲುದಾರಿಯ ಕೊನೆಯ ಒಂದು ಸಣ್ಣ ಕೊಲ್ಲಿಗೆ. ಅಲ್ಲಿ ನೀರಿಗೆ ಚಾಚಿದ ಒಂದು ಚಪ್ಪಟೆ ಬಂಡೆ ಇದೆ, ನಿಂತು ಎಸೆಯಲು ಹೇಳಿ ಮಾಡಿಸಿದ ಜಾಗ. ಬಂಡೆಯ ಎಡಕ್ಕೆ ಒಂದು ಗುಡ್ಡದ ಮೂಗು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಆಚೆ ಏನಿದೆ ಎಂದು ಈಚೆಯಿಂದ ಕಾಣುವುದಿಲ್ಲ, ಅಲೆಯ ಸದ್ದಿನಲ್ಲಿ ಆಚೆಯದು ಕೇಳುವುದೂ ಇಲ್ಲ. ಉಬ್ಬರ ಶುರುವಾಗಿತ್ತು. ನೀರಿನ ಸೆಳೆತ ಎಡದಿಂದ ಬಲಕ್ಕಿತ್ತು. ನೊರೆ, ಕಸಕಡ್ಡಿ, ಯಾರೋ ಎಸೆದ ಒಂದು ಲಬಾನ್ ಮಜ್ಜಿಗೆಯ ಬಾಟಲಿ, ಎಲ್ಲ ಬಲಕ್ಕೇ ತೇಲಿಹೋಗುತ್ತಿದ್ದವು. ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದಿದ್ದೇನೆ.

ಪಾಪರ್ ಆಯಿತು, ರಬ್ಬರ್ ಮೀನು ಆಯಿತು, ಜಗ್ಗುವುದು ನಿಲ್ಲಿಸುವುದು ಎಲ್ಲ ಆಯಿತು. ಒಂದು ಮೀನೂ ಮೂಸಲಿಲ್ಲ. ಅದು ಸತತ ನಾಲ್ಕನೇ ಶುಕ್ರವಾರ ನಾನು ಬರಿಗೈಯಾಗಿದ್ದದ್ದು. ಅಷ್ಟರಲ್ಲಿ ವಿನ್ಸೆಂಟ್ ಎರಡು ಮೀನು ಎಳೆದು ಚೀಲಕ್ಕೆ ಹಾಕಿದ್ದರು. ನೀಲಿ ಬೆನ್ನಿನದನ್ನು ಪೆಟ್ಟಿಗೆಯಿಂದ ತೆಗೆದು ದಾರಕ್ಕೆ ಕಟ್ಟಿ, ರಾಡನ್ನು ಬಂಡೆಗೊರಗಿಸಿ, ಕಾಫಿ ಫ್ಲಾಸ್ಕ್ ತರಲು ಕಾರಿನ ಹತ್ತಿರ ಹೋದೆ. ಬಂದು ನೋಡುತ್ತೇನೆ, ವಿನ್ಸೆಂಟ್ ಕುಕ್ಕರುಗಾಲಲ್ಲಿ ಕೂತು ನನ್ನ ಲ್ಯೂರನ್ನು ಅಂಗೈಯಲ್ಲಿಟ್ಟುಕೊಂಡಿದ್ದಾರೆ. ಬೂತಾಯಿಯ ತಲೆಯಿಂದ ಅದಕ್ಕೆ ಉಜ್ಜುತ್ತಿದ್ದಾರೆ. ಉಜ್ಜಿಯಾದ ಮೇಲೆ ಹೆಬ್ಬೆರಳಿನಿಂದ ಅದರ ನೀಲಿ ಬೆನ್ನಿನ ಮೇಲೆ ಶಿಲುಬೆ ಎಳೆದರು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಕ್ಕರು.

“ನಾಲ್ಕು ವಾರ ಆಯ್ತಲ್ಲ ಮಾರಾಯ್ರೆ, ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ. ಈಗ ಎಸೆದು ನೋಡಿ, ಹಮೂರು ಮೂಸಿಕೊಂಡು ಬರ್ತದೆ.”

ನನಗೆ ಎಲ್ಲಿತ್ತೋ ಕೋಪ! “ಏನ್ರೀ ಇದು? ಆ ಗಲೀಜು ಕೈ ತಗೊಂಡುಹೋಗಿ ನನ್ನ ವಸ್ತುಗೆ ಹಚ್ತೀರಲ್ರೀ! ಶುದ್ಧ ಅಂದ್ರೇನು ಅಂತ ನಿಮ್ಮಂಥವರಿಗೆ ಈ ಜನ್ಮದಲ್ಲಿ ಗೊತ್ತಾಗೋದಿಲ್ಲ” ಎಂದೆ. ಇನ್ನೂ ಏನೇನೋ ಅಂದೆ. ಇಷ್ಟು ಬರೆಯುವುದೇ ಸಾಕು.

ವಿನ್ಸೆಂಟ್ ಲ್ಯೂರನ್ನು ಮೆಲ್ಲನೆ ಕಲ್ಲಿನ ಮೇಲಿಟ್ಟರು. ನೀರಿನ ಅಂಚಿಗೆ ಹೋಗಿ ಎರಡೂ ಕೈ ತೊಳೆದುಕೊಂಡರು. ಸಮುದ್ರದ ನೀರಿನಲ್ಲಿ ಮೀನಿನ ವಾಸನೆ ಹೋಗುತ್ತದೆಯೇ? ಆದರೂ ಮತ್ತೆ ಮತ್ತೆ ತೊಳೆದುಕೊಂಡು ಅಂಗಿಗೆ ಒರೆಸಿಕೊಂಡರು. “ಆಯ್ತು ಸರ್. ನಾನು ಆಚೆ ಬದಿಗೆ ಹೋಗ್ತೇನೆ. ನಿಮಗೆ ಉಪದ್ರ ಬೇಡ” ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿ ಆಚೆ ಇಳಿದರು.

ಕುಡಿಯುವ ನೀರಿನಲ್ಲಿ ಲ್ಯೂರನ್ನು ಸೋಪು ಹಾಕಿ ತೊಳೆದೆ. ಸ್ಯಾನಿಟೈಸರ್ ಸುರಿದೆ, ಟಿಶ್ಯೂ ಕಾಗದದಿಂದ ಒರೆಸಿದೆ, ಮೂಸಿ ನೋಡಿದೆ, ಮತ್ತೆ ತೊಳೆದೆ. ಆಮೇಲೆ ಎಸೆಯತೊಡಗಿದೆ. ಕೋಪದಲ್ಲಿ ಎಸೆದರೆ ಲ್ಯೂರ್ ಎಲ್ಲೆಲ್ಲೋ ಬೀಳುತ್ತದೆ. ಒಂದು ಗಂಟೆ ಹೀಗೇ ಕಳೆಯಿತು, ಒಂದೂವರೆ ಗಂಟೆ ಕಳೆಯಿತು. ಕಾಫಿಗಾದರೂ ಬರುತ್ತಾರೆ ಎಂದುಕೊಂಡಿದ್ದೆ, ವಿನ್ಸೆಂಟ್ ಬರಲಿಲ್ಲ. ಇಷ್ಟು ದೊಡ್ಡ ಆಸಾಮಿ ಚಿಕ್ಕ ಮಕ್ಕಳ ಹಾಗೆ ಮುನಿಸಿಕೊಂಡು ಕೂತಿದ್ದಾನೆ, ನಾನೇ ಹೋಗಿ ರಮಿಸಲಿ ಅಂತ ಕಾಯುತ್ತಿದ್ದಾನೆ ಎಂದು ಮನಸ್ಸಿನಲ್ಲಿ ಏಕವಚನದಲ್ಲೇ ಬೈದುಕೊಂಡೆ.

ಬಿಸಿಲು ಏರಿತ್ತು. ಪೆಟ್ಟಿಗೆ, ಫ್ಲಾಸ್ಕು, ಮಡಿಚುವ ಕುರ್ಚಿ ಎಲ್ಲವನ್ನೂ ಕಾರಿಗೆ ಹಾಕಿದೆ. ಅವರನ್ನು ಅಲ್ಲಿಯೇ ಬಿಟ್ಟು ಹೋಗುವುದೆಂದು ನಿರ್ಧರಿಸಿದ್ದೆ. ಅಲ್ಲಿಂದ ಡಾಂಬರು ರಸ್ತೆಗೆ ನಡೆಯುವ ದೂರವಲ್ಲ, ಬಸ್ಸಿಲ್ಲ, ಆ ಕೊಲ್ಲಿಯಲ್ಲಿ ಮೊಬೈಲಿಗೆ ಸಿಗ್ನಲ್ಲೂ ಸರಿಯಾಗಿ ಇಲ್ಲ. ಎಲ್ಲ ಗೊತ್ತಿತ್ತು. ಯಾರದಾದರೂ ಪಿಕಪ್ ಹತ್ತಿಕೊಂಡು ಬರಲಿ, ಆಗ ಬುದ್ಧಿ ಬರುತ್ತದೆ ಎಂದುಕೊಂಡೆ. ಈ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ.

ಕೊನೆಗೆ ರಾಡ್ ತರಲು ಬಂಡೆಗೆ ಬಂದೆ. ಲ್ಯೂರ್ ಇನ್ನೂ ದಾರದಲ್ಲೇ ಇತ್ತು. ಗಾಳದ ಚಟ ಇರುವವರಿಗೆ ಗೊತ್ತು, ಹೊರಡುವ ಮುಂಚೆ ಇನ್ನೊಂದು ಎಸೆತ ಇದ್ದೇ ಇರುತ್ತದೆ. ಬಲಕ್ಕೆ ತಿರುಗಿ, ಗುಡ್ಡಕ್ಕೆ ಬೆನ್ನು ಹಾಕಿ, ಆದಷ್ಟು ದೂರಕ್ಕೆ ಎಸೆದೆ. ಅದು ಬಿದ್ದ ಜಾಗ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಳುಗಲು ಬಿಟ್ಟು ಐದು ಎಣಿಸಿ, ರೀಲನ್ನು ಎರಡು ಸುತ್ತು ತಿರುಗಿಸಿದೆ. ದಾರ ಬಿಗಿಯಿತು.

ಮೀನು ಕಚ್ಚಿದ ಹಾಗಿರಲಿಲ್ಲ. ಕಲ್ಲಿಗೆ ಸಿಕ್ಕಿಕೊಂಡ ಹಾಗೂ ಇರಲಿಲ್ಲ. ಭಾರವಾದದ್ದೊಂದು ಆ ತುದಿಯಲ್ಲಿ ಸುಮ್ಮನೆ ನಿಂತಿತ್ತು. ಆಮೇಲೆ ಅದು ಎಡಕ್ಕೆ ಹೊರಟಿತು. ರೀಲ್ ಕಿರ್ರೆಂದು ದಾರ ಬಿಡತೊಡಗಿತು. ಓಡಲಿಲ್ಲ, ಜಗ್ಗಲಿಲ್ಲ. ಮನುಷ್ಯರು ನಡೆಯುವ ವೇಗದಲ್ಲಿ, ಸೆಳೆತಕ್ಕೆ ಎದುರಾಗಿ, ನನ್ನ ಕಣ್ಣ ಮುಂದೆಯೇ ನೀರನ್ನು ಸೀಳುತ್ತ ದಾರ ಬಲದಿಂದ ಎಡಕ್ಕೆ ಬಂತು. ಮೀನಾದರೆ ತಲೆ ಕೊಡವುತ್ತದೆ, ರಾಡಿನ ತುದಿ ಟಕಟಕ ಎನ್ನುತ್ತದೆ. ತೊರಕೆ ಮೀನಾದರೆ ತಳಕ್ಕೆ ಅಂಟಿಕೊಳ್ಳುತ್ತದೆ. ಆಮೆಯಾದರೆ ಉಸಿರಿಗೆ ಮೇಲೆ ಬರಬೇಕು. ಇದು ಯಾವುದೂ ಮಾಡಲಿಲ್ಲ. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಎಡಕ್ಕೆ ಎರಡು ಹೆಜ್ಜೆ ಇಟ್ಟರೆ ಮುಂದಕ್ಕೆ ಹೋಗುತ್ತಿತ್ತು. ನಾಲ್ಕು ಸಲ ಹೀಗಾಯಿತು. ಕಾಕತಾಳೀಯ ಎಂದುಕೊಂಡೆ. ಐದನೆಯ ಸಲ ಹಾಗೆ ಅಂದುಕೊಳ್ಳಲಿಲ್ಲ, ಏನೂ ಅಂದುಕೊಳ್ಳಲಿಲ್ಲ.

ದಾರ ಗುಡ್ಡದ ಮೂಗನ್ನು ಬಳಸಿ ಆಚೆಗೆ ಹೋಯಿತು. ಆ ಬಂಡೆಗಳಿಗೆ ಅಂಟಿರುವ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ತಾಗಿದ ಕ್ಷಣಕ್ಕೆ ದಾರ ತುಂಡಾಗಬೇಕು, ಆಗಲಿಲ್ಲ. ಜೇಬಿನಲ್ಲಿ ಕತ್ತರಿ ಇತ್ತು. ಬೇರೆ ಲ್ಯೂರ್ ಆಗಿದ್ದರೆ ಕತ್ತರಿಸಿ ಮನೆಗೆ ಹೋಗುತ್ತಿದ್ದೆ. ಆದರೆ ಅದು ನೀಲಿ ಬೆನ್ನಿನದು, ಮತ್ತೆ ಸಿಗುವಂಥದಲ್ಲ. ರಾಡನ್ನು ತಲೆಯ ಮೇಲೆತ್ತಿ ಹಿಡಿದು, ಹತ್ತಿರವಾದಷ್ಟೂ ದಾರವನ್ನು ಬಿಗಿಯಾಗಿಯೇ ಸುತ್ತಿಕೊಳ್ಳುತ್ತ, ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತ ಗುಡ್ಡ ಹತ್ತಿದೆ.

ನೆತ್ತಿಗೆ ಬಂದಾಗ ಎಳೆತ ನಿಂತುಹೋಯಿತು. ದಾರ ನನ್ನ ರಾಡಿನ ತುದಿಯಿಂದ ನೇರ ಕೆಳಗೆ, ಎರಡು ಬಂಡೆಗಳ ನಡುವಿನ ಕೊರಕಲಿಗೆ ಇಳಿದಿತ್ತು. ಬಗ್ಗಿ ನೋಡಿದೆ. ಅಲ್ಲಿ ವಿನ್ಸೆಂಟ್ ಅವರ ತಲೆ ಕಾಣಿಸಿತು.

ಎದೆಮಟ್ಟ ನೀರು. ಕಲ್ಲಿಗೆ ಸಿಕ್ಕಿಕೊಂಡ ಗಾಳ ಬಿಡಿಸಲು ಇಳಿದಿದ್ದರಂತೆ. ಕಾಲಿಟ್ಟ ಬಂಡೆ ಉರುಳಿ, ಎಡಗಾಲು ಮಂಡಿಯವರೆಗೆ ಅದರಡಿಯಲ್ಲಿ ಸಿಕ್ಕಿತ್ತು. ಆಗ ಮೊಣಕಾಲಷ್ಟಿದ್ದ ನೀರು ಉಬ್ಬರದಲ್ಲಿ ಏರುತ್ತ ಏರುತ್ತ ಎದೆಗೆ ಬಂದಿತ್ತು. ಕೂಗಿ ಕೂಗಿ ಗಂಟಲು ಹೋಗಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ತಲೆಯೆತ್ತಿ ನನ್ನನ್ನು ನೋಡಿ, “ಬಂದ್ರಾ ಸರ್” ಎಂದರು. ಅಷ್ಟೇ.

ನನ್ನ ನೀಲಿ ಬೆನ್ನಿನ ಲ್ಯೂರ್ ಅವರ ಅಂಗಿಯ ಕಾಲರಿನ ಹಿಂಭಾಗದಲ್ಲಿ, ಕುತ್ತಿಗೆಯ ಹತ್ತಿರ ನೇತಾಡುತ್ತಿತ್ತು. ಅದರ ಗಾಳದ ಎರಡು ಮುಳ್ಳು ಬಟ್ಟೆಯೊಳಗೆ ಹೋಗಿದ್ದವು. ಚರ್ಮಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ರಾಡ್ ಎಸೆದು ಕೆಳಗಿಳಿದೆ. ಬಂಡೆಗೆ ಹೆಗಲು ಕೊಟ್ಟೆ, ಅದು ಮಿಸುಕಲಿಲ್ಲ. ನೀರು ಅವರ ಕುತ್ತಿಗೆಗೆ ಬಂತು. ಮತ್ತೆ ಮೇಲೆ ಹತ್ತಿ, ಅಂಗಿ ಬಿಚ್ಚಿ ಬೀಸಿದೆ. ದೂರದಲ್ಲಿ ಒಂದು ದೋಣಿಯಲ್ಲಿ ಇಬ್ಬರು ಒಮಾನಿ ಮೀನುಗಾರರು ತಂತಿಯ ಬುಟ್ಟಿಗಳನ್ನು ನೀರಿನಿಂದ ಎತ್ತುತ್ತಿದ್ದರು. ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಕೂಗಿದೆ, ಕುಣಿದೆ, ದೋಣಿ ತಿರುಗಿತು. ಅದು ಬರುವಷ್ಟು ಹೊತ್ತು ಕೆಳಗೆ ಅವರ ಹಿಂದೆ ನಿಂತು, ಅವರ ಗದ್ದವನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದೆ. ಪ್ರತಿ ಅಲೆಗೂ ನೀರು ಅವರ ಬಾಯಿಗೆ ಬಂದು ಹೋಗುತ್ತಿತ್ತು. ಅಷ್ಟು ಭಯ ನಾನು ಹಿಂದೆಂದೂ ಪಟ್ಟಿರಲಿಲ್ಲ.

“ಜೆಸಿಂತಾಗೆ ಒಂದು ಹೇಳ್ಬೇಕು ಸರ್…” ಎಂದರು.

“ನಾನೇನೂ ಹೇಳಲ್ಲ. ಏನಿದ್ರೂ ನೀವೇ ಮನೆಗೆ ಹೋಗಿ ಹೇಳಿ” ಎಂದು ಗದರಿದೆ. ಆಗ ದೇವರೇ ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅಂದಿರಬಹುದು.

ದೋಣಿ ಬಂತು. ನರೆತ ಗಡ್ಡದ ಹಿರಿಯ ನೀರಿಗೆ ಹಾರಿ, ತನ್ನ ಕಬ್ಬಿಣದ ಲಂಗರನ್ನು ಬಂಡೆಯ ಅಡಿಗೆ ತೂರಿಸಿದ. ವಿನ್ಸೆಂಟ್ ಅವರ ತಲೆಯನ್ನು ತಾನು ಎತ್ತಿ ಹಿಡಿದು, “ಯಲ್ಲಾ, ಯಲ್ಲಾ” ಎಂದು ನನ್ನಿಂದಲೂ ತನ್ನ ಜೊತೆಗಾರನಿಂದಲೂ ಮೀಟಿಸಿದ. ಮೂರನೆಯ ಸಲಕ್ಕೆ ಬಂಡೆ ಒಂದಿಷ್ಟು ಎದ್ದಿತು, ಕಾಲು ಹೊರಬಂತು. “ಖಲಾಸ್, ಖಲಾಸ್” ಎಂದು, ಕಷ್ಟ ಮುಗಿಯಿತು ಎನ್ನುವಂತೆ, ಅವನು ವಿನ್ಸೆಂಟ್ ಅವರ ಕೆನ್ನೆ ತಟ್ಟಿದ. ದೋಣಿಯಲ್ಲೇ ಕೊಲ್ಲಿಗೆ ಸುತ್ತಿ ಬಂದು, ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿದೆ.

ಆಸ್ಪತ್ರೆಗೆ ಜೆಸಿಂತಾ ಡ್ಯೂಟಿಯ ಬಟ್ಟೆಯಲ್ಲೇ ಓಡಿಬಂದರು. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು, ಇನ್ನು ಅರ್ಧ ಗಂಟೆ ಅಲ್ಲಿದ್ದಿದ್ದರೆ ಮೂಳೆಯ ಮಾತೇ ಇರುತ್ತಿರಲಿಲ್ಲ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ವಿನ್ಸೆಂಟ್ ಅವರನ್ನು ಹೊತ್ತು ತಂದು ಬೂತಾಯಿ ವಾಸನೆ ಹತ್ತಿದ್ದ ನನ್ನ ಕೈಗಳನ್ನು ಹಿಡಿದುಕೊಂಡೇ ಇದ್ದರು.

“ಅವರು ಅಲ್ಲಿ ಸಿಕ್ಕಿಕೊಂಡದ್ದು ನಿಮಗೆ ಹೇಗೆ ಗೊತ್ತಾಯ್ತು ಸರ್?”

“ತುಂಬಾ ಹೊತ್ತಾಯ್ತಲ್ಲಮ್ಮ, ಯಾಕೋ ಮನಸ್ಸಿಗೆ ಸಮಾಧಾನ ಇರಲಿಲ್ಲ. ಹುಡುಕ್ಕೊಂಡು ಹೋದೆ” ಎಂದೆ.

ವಿನ್ಸೆಂಟ್ ಹೇಳುವ ಕಥೆಯೇ ಬೇರೆ. ನಾನು ಗುಡ್ಡದ ಮೇಲೆ ನಿಂತು, ಅವರು ಅಲೆಗೆ ಕೊಚ್ಚಿಕೊಂಡು ಹೋಗದಿರಲಿ ಎಂದು ಗುರಿಯಿಟ್ಟು ಲ್ಯೂರ್ ಎಸೆದು ಕಾಲರಿಗೆ ಸಿಕ್ಕಿಸಿದೆ ಎಂದು ಅವರ ನಂಬಿಕೆ. “ಎಂಥ ಗುರಿ ಮಾರಾಯ್ರೆ! ಒಂದಿಂಚು ಆಚೀಚೆ ಆದ್ರೆ ನನ್ನ ಕುತ್ತಿಗೆ!” ಎಂದು ಕಂಡಕಂಡವರಿಗೆಲ್ಲ ಹೇಳುತ್ತಾರೆ. ಇಗರ್ಜಿಯಲ್ಲಿ ನನ್ನ ಹೆಸರಿನಲ್ಲಿ ಪೂಜೆ ಮಾಡಿಸಿದರು. ವಾಟ್ಸಾಪ್ ಗುಂಪಿನವರಂತೂ ನನ್ನನ್ನು ತಲೆಯ ಮೇಲೆ ಹೊತ್ತುಕೊಂಡರು. ನನಗೂ ಕೈಗುಣ ಇದೆ ಎಂದು ಬರೆದರು. ಆ ದಡ್ಡರಲ್ಲಿ ಒಬ್ಬನಾದರೂ, ಅಲ್ಲಾ ಸರ್, ನೀವು ಎಸೆದದ್ದು ಯಾವ ಕಡೆಗೆ ಎಂದು ಕೇಳಬೇಕಲ್ಲ? ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಅವರ ಕಾಲಿಗೆ ಹಾಕಿದ್ದ ಪ್ಲಾಸ್ಟರ್ ತೆಗೆದ ಮೇಲೆ ಒಂದು ದಿನ ನಾನೇ ಕೇಳಿದೆ, ಹಿಂದಿನಿಂದ ಏನಾದರೂ ಎಳೆದ ಹಾಗಾಗಿತ್ತಾ, ಬೆನ್ನ ಹಿಂದೆ ಏನಾದರೂ ಇತ್ತಾ ಎಂದು. “ಎಂತದೂ ಇಲ್ಲ ಸರ್. ನೀವು ಮೇಲೆ ಕಂಡ ಮೇಲೆಯೇ ಕಾಲರಿಗೆ ಕೈ ಹಾಕಿ ನೋಡಿದ್ದು” ಎಂದರು. ಅಷ್ಟು ಹೊತ್ತು ನನ್ನ ರೀಲಿನಿಂದ ದಾರ ಎಳೆದುಕೊಂಡು ಹೋದದ್ದು ಅವರಂತೂ ಅಲ್ಲ. ಬಂಡೆಯಡಿ ಸಿಕ್ಕ ಮನುಷ್ಯ ನಡೆಯುವುದು ಹೇಗೆ?

ನಾನು ಸುಮ್ಮನೆ ಕೂರುವವನಲ್ಲ. ಅಳತೆಯ ಟೇಪು ತೆಗೆದುಕೊಂಡು ಆ ಕೊಲ್ಲಿಗೆ ಹಲವು ಸಲ ಹೋದೆ. ಬಂಡೆಯಿಂದ ಗುಡ್ಡದ ಮೂಗನ್ನು ಬಳಸಿ ಕೊರಕಲಿನವರೆಗೆ ಇರುವ ನೀರಿನ ದಾರಿ, ನನ್ನ ರೀಲಿನಲ್ಲಿದ್ದ ಒಟ್ಟು ದಾರಕ್ಕಿಂತ ಉದ್ದವಾಗಿದೆ. ಆ ದಿನ ರೀಲಿನಲ್ಲಿ ಅರ್ಧದಷ್ಟು ದಾರ ಹಾಗೇ ಉಳಿದಿತ್ತು. ಹೋದ ದಾರವನ್ನು ಬೆರಳ ಸಂದಿಯಲ್ಲಿ ಎಳೆದು, ಭೂತಗನ್ನಡಿ ಹಿಡಿದು ನೋಡಿದೆ. ಒಂದು ಎಳೆಯೂ ಸವೆದಿಲ್ಲ. ಅದೇ ಉಬ್ಬರದ ಹೊತ್ತಿಗೆ ನೀರಿಗೆ ಬಾಟಲಿ ಹಾಕಿ ನೋಡಿದೆ. ಪ್ರತಿ ಸಲವೂ ಬಲಕ್ಕೇ ಹೋಯಿತು.

ಆಮೆಯೊಂದು ಲ್ಯೂರನ್ನು ಎಳೆದುಕೊಂಡು ಹೋಗಿ, ಕೊರಕಲಿನ ಹತ್ತಿರ ಅದನ್ನು ಕಳಚಿಕೊಂಡು, ಅಲೆ ಅದನ್ನೆತ್ತಿ ಕಾಲರಿಗೆ ಎಸೆದಿರಬಹುದು. ಈ ವಿವರಣೆಯನ್ನು ಬೇರೆ ಯಾರೂ ಕೊಟ್ಟದ್ದಲ್ಲ, ನಾನೇ ನನಗೆ ಕೊಟ್ಟುಕೊಂಡದ್ದು. ಒಂದು ಕ್ಷಣವೂ ದಾರ ಸಡಿಲಾಗದೆ? ಬೇರೆ ಯಾರಾದರೂ ಇದನ್ನು ನನ್ನೆದುರು ತಂದಿದ್ದರೆ ಕೆಂಪು ಸ್ಟಿಕ್ಕರು ಹಚ್ಚಿ ಕಳಿಸುತ್ತಿದ್ದೆ. ಜೆಸಿಂತಾ ಇದು ಸಂತರ ಕೆಲಸ ಎನ್ನುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಒಪ್ಪದೆ ಬೇರೆ ಏನು ಹೇಳುತ್ತೀಯಪ್ಪಾ ಎಂದರೆ ನನ್ನಲ್ಲಿ ಏನೂ ಇಲ್ಲ.

ವಿನ್ಸೆಂಟ್ ಈಗ ಸ್ವಲ್ಪ ಕುಂಟುತ್ತಾರೆ. ನಾನು ಆ ದಿನ ಆಡಿದ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ. ಕಳೆದ ತಿಂಗಳು ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ನನಗಾಗಿ ಬೇರೆ ಪಾತ್ರೆಯಲ್ಲಿ ತರಕಾರಿ ಸಾರು ಮಾಡಿಸಿದ್ದರು. ಬಂದಿದ್ದ ನೆಂಟರಿಗೆಲ್ಲ ನನ್ನ ಹೆಗಲ ಮೇಲೆ ಕೈಯಿಟ್ಟು, “ಬೇರೆ ಯಾರಾದ್ರೂ ಆಗಿದ್ರೆ ಬಿಟ್ಟು ಹೋಗ್ತಿದ್ರು. ಇವರು ನನ್ನನ್ನು ಹುಡುಕಿಕೊಂಡು ಬಂದ್ರು” ಎಂದರು. ಹೇಳಿಬಿಡೋಣ ಎಂದು ಬಾಯಿಯವರೆಗೆ ಬಂತು. ಸಾರು ಬಡಿಸಿಕೊಂಡೆ.

ಆ ತುದಿಯಲ್ಲಿ ಇದ್ದದ್ದು ಏನು ಎಂದು ನನಗೆ ತಿಳಿಯುವುದಿಲ್ಲ. ಆದರೆ ಅದಕ್ಕೆ ನನ್ನ ವಿಷಯ ಚೆನ್ನಾಗಿ ತಿಳಿದಿತ್ತು. ಗುಡ್ಡದ ಆಚೆ ವಿನ್ಸೆಂಟ್ ಹೇಗಿದ್ದಾರೆ ನೋಡಿಕೊಂಡು ಬಾ ಎಂದು ಒಳಗಿನಿಂದ ಯಾವ ದನಿ ಹೇಳಿದ್ದರೂ ಆ ಬೆಳಿಗ್ಗೆ ನಾನು ಒಂದು ಹೆಜ್ಜೆ ಕಿತ್ತಿಡುತ್ತಿರಲಿಲ್ಲ. ಕಾರಿನ ಕೀಲಿ ಕೈಯಲ್ಲೇ ಇತ್ತು. ಮನುಷ್ಯನಿಗಾಗಿ ಇವನು ಬರುವುದಿಲ್ಲ, ಲ್ಯೂರಿಗಾಗಿ ಬರುತ್ತಾನೆ ಎಂದು ಅದಕ್ಕೆ ಗೊತ್ತಿತ್ತು. ಹಾಗೆಯೇ ಆಯಿತು.